ಪೈಲ್ವಾನನ ತೋಳಿನಲ್ಲಿ ಇಲಿ

ಗರಡಿಮನೆಯ ಬಿಲದಲ್ಲಿದ್ದ ತಾಯಿ ಇಲಿಗೆ ಬೆಳಗಿನಿಂದ ತನ್ನ ಮರಿ ಕಂಡಿರಲಿಲ್ಲ. ಹುಡುಕಿ ಹುಡುಕಿ ಸೋತು ಅದು ಬಿಲದಿಂದ ಇಣುಕಿದಾಗ, ಪೈಲ್ವಾನ್ ಭರಮಪ್ಪ ತೋಳು ಮಡಚುತ್ತಿದ್ದ. ಚರ್ಮದಡಿಯಲ್ಲಿ ಏನೋ ಗುಂಡಗೆ ಉಬ್ಬಿ ಸರಕ್ಕನೆ ಸರಿದಾಡಿತು.

"ಅಯ್ಯೋ, ನನ್ನ ಕಂದನನ್ನು ತೋಳೊಳಗೆ ಸೇರಿಸಿಕೊಂಡಿದ್ದಾನೆ!" ಎಂದು ಇಲಿ ಹಲ್ಲು ಮಸೆದು ಕಚ್ಚಲು ಹೊರಟಿತು.

"ತಡೆಯವ್ವ! ಅವನ ಒಂದೇ ಏಟಿಗೆ ನಿನ್ನ ಪ್ರಾಣ ಹೋದೀತು" ಎಂದು ಗೋಡೆಯ ಹಲ್ಲಿ ಲೊಚಗುಟ್ಟಿತು. ಹಿಂದೆ ಅದು ವೈದ್ಯಕೀಯ ಕಾಲೇಜಿನ ಗೋಡೆಯ ಮೇಲಿದ್ದು ಪಾಠ ಕೇಳಿಸಿಕೊಂಡಿತ್ತು. "ಅದು ಬರೀ ಮಾಂಸಖಂಡ. ಇಂಗ್ಲಿಷಿನಲ್ಲಿ ಮಸಲ್ ಅನ್ನುತ್ತಾರೆ. ಆ ಮಾತು ಹುಟ್ಟಿದ್ದು ಹಳೆಯ ಲ್ಯಾಟಿನ್ ಭಾಷೆಯಲ್ಲಿ. ಅಲ್ಲಿ ಅದಕ್ಕೆ ಪುಟ್ಟ ಇಲಿ ಎಂದರ್ಥ. ಆ ಕಾಲದವರ ಕಣ್ಣಿಗೂ ಅದು ನಿನಗೆ ಕಂಡಂತೆಯೇ ಕಂಡಿತ್ತು."

"ಹಾಗಾದರೆ ಒಳಗೆ ಇಲಿ ಇಲ್ಲವೇ?"

"ಹೆಸರಿನಲ್ಲಿದೆ, ತೋಳಿನಲ್ಲಿಲ್ಲ."

ತಾಯಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಖಾಡದ ಕೆಮ್ಮಣ್ಣಿನೊಳಗೆ ನಿದ್ದೆ ಹೋಗಿದ್ದ ಮರಿ ಮಾತಿನ ಸದ್ದಿಗೆ ಎದ್ದು, ಮೈಕೊಡವಿಕೊಂಡು ಓಡಿಬಂತು. ತಾಯಿ ಅದನ್ನು ತಬ್ಬಿಕೊಂಡು ಮೈಯೆಲ್ಲ ನೆಕ್ಕಿತು.

ಮರಿ ಪೈಲ್ವಾನನಂತೆ ಮುಂಗಾಲು ಮಡಚಿ, "ಅಮ್ಮಾ, ಇದರೊಳಗೂ ಇಲಿ ಇದೆಯಾ?" ಎಂದು ಕೇಳಿತು.

"ಒಳಗಿನದು ಹಾಗಿರಲಿ, ಹೊರಗಿನದು ಸಿಕ್ಕಿತಲ್ಲ, ಅಷ್ಟು ಸಾಕು!" ಎನ್ನುತ್ತ ತಾಯಿ ಅದರ ಕಿವಿ ಹಿಡಿದು ಬಿಲಕ್ಕೆ ಎಳೆದೊಯ್ದಿತು.