ಕದಿರಪ್ಪ ಲೈಸೆನ್ಸಿಗೆ ಹೋದದ್ದು

ಗಂಗರಪಲ್ಲಿ: ಇಲ್ಲಿನ ಸಾರಿಗೆ ಕಚೇರಿಯ ಎರಡನೇ ಕಿಂಡಿಯ ಮುಂದೆ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಸಾಲಿನಲ್ಲಿ ಮೊದಲನೆಯವನಾಗಿ ನಿಂತ ವ್ಯಕ್ತಿಯೊಬ್ಬ ಸಂಜೆ ಆರಕ್ಕೂ ಮೊದಲನೆಯವನಾಗಿಯೇ ಇದ್ದ. ನಡುವೆ ನೂರಾ ಹನ್ನೆರಡು ಜನ ಬಂದು ಕೆಲಸ ಮುಗಿಸಿಕೊಂಡು ಹೋದರು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ. ವ್ಯಕ್ತಿಯನ್ನು ಕದಿರಪ್ಪ, ಇಪ್ಪತ್ತಾರು ವರ್ಷ, ಎಂದು ಗುರುತಿಸಲಾಗಿದೆ. ಗುರುತಿಸಿದವಳು ಅವನ ತಾಯಿ ಅಕ್ಕಯಮ್ಮ.

ಅಕ್ಕಯಮ್ಮ ಈ ಊರಿನ ಬೀದಿಗಳನ್ನು ಮೂವತ್ತೊಂದು ವರ್ಷ ಗುಡಿಸಿದವಳು. ಬರುವ ಶುಕ್ರವಾರ, ತಿಂಗಳ ಮೂವತ್ತಕ್ಕೆ, ಅವಳು ಪೊರಕೆ ಕೆಳಗಿಡಬೇಕು. ಗಂಡ ಹೋಗಿ ಬಹಳ ಕಾಲವಾಯಿತು. ಇರುವವನು ಒಬ್ಬನೇ ಮಗ. ಅವಳ ತಮ್ಮ ಚಿಕ್ಕಮುನಿಯಪ್ಪ ಅದೇ ಪಟ್ಟಣ ಪಂಚಾಯ್ತಿಯಲ್ಲಿ ಮೇಸ್ತ್ರಿ. ಅವನು ಕಂಡಕಂಡವರಿಗೆ ಕೈಮುಗಿದು, ಹೊಸದಾಗಿ ಬಂದ ಕಸದ ಆಟೊಗೆ ಡ್ರೈವರ್ ಕೆಲಸವನ್ನು ಅಕ್ಕನ ಮಗನಿಗೆಂದು ಹಿಡಿದಿಟ್ಟಿದ್ದ. ಷರತ್ತು ಒಂದೇ. ಶುಕ್ರವಾರ ಸಂಜೆ ಐದರೊಳಗೆ, ಇವನು ಗಾಡಿ ಪರೀಕ್ಷೆಯಲ್ಲಿ ಪಾಸಾಗಿದ್ದಾನೆ ಎಂದು ಇನ್‌ಸ್ಪೆಕ್ಟರ್ ಸಹಿ ಹಾಕಿದ ಕಾಗದ ಪಂಚಾಯ್ತಿಗೆ ಮುಟ್ಟಬೇಕು. ಮುಟ್ಟದಿದ್ದರೆ ಕೆಲಸ ಬೇರೆಯವರ ಪಾಲು. ತಾಯಿ ಮಗ ಇಬ್ಬರೂ ಒಂದೇ ದಿನ ಮನೆಯಲ್ಲಿ ಕೂರಬೇಕಾಗುತ್ತದೆ.

ಗಾಡಿ ಓಡಿಸುವುದರಲ್ಲಿ ಕದಿರನಿಗೆ ಕೊರತೆಯಿರಲಿಲ್ಲ. ಕಲಿಸಿದವರು ಹೇಳಿದ್ದನ್ನು ಒಂದೂ ಬಿಡದೆ ಕಲಿತಿದ್ದ. ಕೊರತೆ ಇದ್ದದ್ದೂ ಅಲ್ಲೇ. ಅವನು ಹೇಳಿದ್ದನ್ನು ಮಾಡುತ್ತಾನೆ, ಹೇಳಿದ್ದನ್ನೇ ಮಾಡುತ್ತಾನೆ. ಹತ್ತು ವರ್ಷದವನಿದ್ದಾಗ ಅಕ್ಕಯಮ್ಮ, "ಅಕ್ಕಿಯಲ್ಲಿ ಕಲ್ಲು ಆರಿಸಿ ಕೊಡಪ್ಪ" ಎಂದಿದ್ದಳು. ಕಲ್ಲುಗಳನ್ನು ಆರಿಸಿ, ತೊಳೆದು, ತಟ್ಟೆಯಲ್ಲಿಟ್ಟು ತಂದುಕೊಟ್ಟ. ಅಕ್ಕಿ ಎಲ್ಲೋ ಎಂದರೆ, "ಅದನ್ನು ನೀನು ಕೇಳಲಿಲ್ಲವಲ್ಲಮ್ಮ" ಎಂದ. ಅಂದಿನಿಂದ ಅವಳು ಮಗನಿಗೆ ಏನಾದರೂ ಹೇಳುವ ಮೊದಲು ಎರಡು ಸಲ ಯೋಚಿಸುತ್ತಾಳೆ. ಮೂರು ಸಲ ಯೋಚಿಸಬೇಕಿತ್ತು ಎಂಬುದು ಆಮೇಲೆ ಗೊತ್ತಾಗುತ್ತದೆ.

ಸೋಮವಾರವೂ ಎರಡು ಸಲ ಯೋಚಿಸಿಯೇ ಹೇಳಿದ್ದಳು. "ಅಲ್ಲಿ ಎಲ್ಲರೂ ಒಂದೇ ಥರ ಇರಲ್ಲ ಕದಿರ. ಆ ಕಡೆ ಹೋಗು, ಈ ಕಡೆ ಹೋಗು ಅಂತ ಹೇಳಿ ನಿನ್ನ ಜಾಗದಲ್ಲಿ ಅವರು ನಿಂತುಕೊಳ್ತಾರೆ. ಯಾರು ಏನೇ ಹೇಳಲಿ, ಸಾಲು ಬಿಡಬೇಡ."

"ಬಿಡಲ್ಲಮ್ಮ."

ಬಿಡಲಿಲ್ಲ. ಕಿಂಡಿ ಹತ್ತೂಮುಕ್ಕಾಲಿಗೆ ತೆರೆಯಿತು. 'ಸೇವೆಯ ಅವಧಿ: ಹದಿನೈದು ನಿಮಿಷ' ಎಂಬ ಫಲಕ ಅದರ ಮೇಲಿದೆ. ಯಾವ ಹದಿನೈದು ನಿಮಿಷ ಎಂದು ಫಲಕ ಹೇಳುವುದಿಲ್ಲ. ಒಳಗಿದ್ದ ಗುಮಾಸ್ತ ರಾಮಾಂಜಿನಪ್ಪ ಕಾಗದ ನೋಡಿ, "ಮೂರನೇ ರೂಮಿಗೆ ಹೋಗಿ ಫೋಟೊ ತೆಗೆಸಿಕೊಂಡು ಬಾ" ಎಂದ.

"ಇಲ್ಲ ಸಾರ್. ನಾನು ಸಾಲು ಬಿಡೋ ಹಾಗಿಲ್ಲ."

"ಸಾಲು ಮುಗಿದಿದೆಯಲ್ಲಪ್ಪ. ನೀನೇ ಮೊದಲನೆಯವನು."

"ಅದಕ್ಕೇ ಸಾರ್ ಬಿಡಲ್ಲ."

ಹಿಂದಿನವರು ಮೊದಲು ಬೈದರು, ಆಮೇಲೆ ಬೇಡಿಕೊಂಡರು, ಕೊನೆಗೆ ಬೇಲಿಯ ಗಿಡವನ್ನು ಸುತ್ತಿ ಹೋಗುವಂತೆ ಅವನನ್ನು ಸುತ್ತಿಕೊಂಡು ಹೋಗಿ ಕಿಂಡಿಗೆ ಕೈ ಚಾಚಿದರು. ಸಂಜೆ ಪೊರಕೆ ಸಮೇತ ಬಂದ ಅಕ್ಕಯಮ್ಮ, ಮುಚ್ಚಿದ ಕಿಂಡಿಯ ಮುಂದೆ ಕಾಗದ ಹಿಡಿದು ನೆಟ್ಟಗೆ ನಿಂತ ಮಗನನ್ನು ಕಂಡಳು. ಸುತ್ತ ಯಾರೂ ಇರಲಿಲ್ಲ.

"ಕೆಲಸ ಆಯಿತೇನೋ?"

"ಇನ್ನೂ ಇಲ್ಲಮ್ಮ. ಆದರೆ ಜಾಗ ಹೋಗಿಲ್ಲ."

ದಾರಿಯುದ್ದಕ್ಕೂ ಬೈದಳು. "ಕರೆದರೆ ಹೋಗಬೇಕು ಕಣೋ, ಪೆದ್ದಮುಂಡೇದೆ. ಕಂಬದ ಹಾಗೆ ನಿಂತರೆ ಯಾರು ಕೊಡ್ತಾರೆ ಲೈಸೆನ್ಸು? ನಾಳೆ ಯಾರೇ ಕರೆಯಲಿ, ಕರೆದ ತಕ್ಷಣ ಹೋಗು."

"ಹೋಗ್ತೀನಮ್ಮ."

ಮಂಗಳವಾರ ಕದಿರನಿಗೆ ಸಿಕ್ಕ ಟೋಕನ್ ನಲವತ್ತೊಂದು. ಕರೆಯುವುದನ್ನು ಕಾಯುತ್ತ ಮೆಟ್ಟಿಲ ಮೇಲೆ ಕೂತ. ಅಂದೇ ಕಚೇರಿಯ ಗೇಟಿನ ಎದುರು ಶಾಮಿಯಾನ ಎದ್ದಿತ್ತು. ಅರ್ಜಿಗಳು ಕನ್ನಡದಲ್ಲಿರಬೇಕು, ಕಂಪ್ಯೂಟರ್ ಕನ್ನಡದಲ್ಲಿ ಮಾತಾಡಬೇಕು, ಆಡಳಿತ ಭಾಷೆ ಎಂದರೆ ಬರೀ ಗೋಡೆಯ ಮೇಲಿನ ಬರಹವೇ ಎಂದು ಕೆಂಪು ಹಳದಿ ಶಾಲಿನವರು ಧರಣಿ ಕೂತಿದ್ದರು. ಬೇಡಿಕೆ ನ್ಯಾಯವಾದದ್ದೇ. ಎದುರಿಗಿನ ಅರ್ಜಿ ತುಂಬಿಸಿಕೊಡುವವನೂ, ತನ್ನ ಹೊಟ್ಟೆಪಾಡು ಅರ್ಜಿ ಅರ್ಥವಾಗದಿರುವುದರ ಮೇಲೆಯೇ ನಿಂತಿದ್ದರೂ, ಒಂದು ಗಂಟೆ ಧರಣಿ ಕೂತು ಎದ್ದು ಹೋದ.

ಮುಖಂಡ ಮೈಕು ಹಿಡಿದು, "ಕನ್ನಡ ತಾಯಿ ಕರೆಯುತ್ತಿದ್ದಾಳೆ, ಬನ್ನಿ" ಎಂದ. ಕಚೇರಿಯ ಅಂಗಳದಲ್ಲಿ ಕೂತಿದ್ದ ಎಂಬತ್ತು ಜನ ಅದನ್ನು ಕೇಳಿ ಕಾಲು ಮಡಚಿ ಕೂತರು. ಕದಿರ ಎದ್ದು ಹೋಗಿ ಮುಂದಿನ ಸಾಲಿನಲ್ಲಿ ಕುಳಿತ. ಯಾರೋ ಶಾಲು ಹೊದಿಸಿದರು. ಹನ್ನೆರಡಕ್ಕೆ ಪೊಲೀಸರು ವ್ಯಾನು ತಂದು, "ಸಾಕು ಬನ್ನಿ, ಹತ್ತಿ" ಎಂದು ಕರೆದರು. ಮುಖಂಡ ಪದ್ಧತಿಯಂತೆ ಕೊಸರಾಡುತ್ತಿದ್ದ. ಕದಿರ ಮೊದಲೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದ. ಎಲ್ಲರನ್ನೂ ಮದುವೆ ಛತ್ರಕ್ಕೆ ಒಯ್ದು ಚಿತ್ರಾನ್ನ ಕೊಟ್ಟು ಸಂಜೆ ಐದಕ್ಕೆ ಬಿಟ್ಟರು. ಅಷ್ಟರಲ್ಲಿ ಕಿಂಡಿಯಿಂದ ನಲವತ್ತೊಂದು ಎಂದು ಮೂರು ಸಲ ಕೂಗಿ, ನಲವತ್ತೆರಡಕ್ಕೆ ಹೋಗಿದ್ದರು. ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂತು: ಬಂಧಿತ ಹೋರಾಟಗಾರರು, ಎಡದಿಂದ ಮೊದಲನೆಯವರು ಕದಿರಪ್ಪ.

ಛತ್ರದ ಬಾಗಿಲಲ್ಲಿ ಕಾದಿದ್ದ ಅಕ್ಕಯಮ್ಮನಿಗೆ ಬೈಯುವ ಶಕ್ತಿ ಇರಲಿಲ್ಲ. ಬೈದವನು ಚಿಕ್ಕಮುನಿಯಪ್ಪ.

"ಅಲ್ಲವೋ ಅಳಿಯ, ನಿನ್ನನ್ನು ಕಳಿಸಿದ್ದು ಲೈಸೆನ್ಸಿಗೋ, ಜೈಲಿಗೋ?"

"ಕರೆದರು ಮಾವ."

"ನಾಳೆ ಯಮ ಕರೆದರೂ ಹೋಗ್ತೀಯಾ?"

ಕದಿರ ಅಮ್ಮನ ಮುಖ ನೋಡಿದ. ಅಮ್ಮ ತಲೆ ತಿರುಗಿಸಿದಳು.

ಧರಣಿಗೆ ಫಲ ಸಿಕ್ಕಿತು. ಬುಧವಾರ ಕಚೇರಿಯ ಎಲ್ಲರಿಗೂ ಆಡಳಿತ ಭಾಷೆಯ ತರಬೇತಿ ನಡೆದದ್ದರಿಂದ ಕಚೇರಿ ಮುಚ್ಚಿತ್ತು. ಸುದ್ದಿ ತಿಳಿದ ಚಿಕ್ಕಮುನಿಯಪ್ಪ ಅಂದೇ ಬಂದು ಹೇಳಿದ: "ನೋಡು ಅಳಿಯ, ಗಾಳಿ ಬಂದ ಕಡೆ ತೂರಿಕೊಳ್ಳಬೇಕು. ನಾಳೆ ಕಚೇರಿಯಲ್ಲಿ ನಿನ್ನ ಬಾಯಿಂದ ಕನ್ನಡ ಬಿಟ್ಟು ಬೇರೆ ಒಂದು ಮಾತು ಬರಬಾರದು. ಒಂದೂ. ಸಾಹೇಬರು ಮೆಚ್ಚಿಕೊಂಡು ಕೆಲಸ ಮಾಡಿಕೊಡ್ತಾರೆ." ಅಕ್ಕಯಮ್ಮನಿಗೆ ಇದರಲ್ಲಿ ಅಪಾಯ ಕಾಣಲಿಲ್ಲ. ಮನೆಯಲ್ಲಿ ಆಡುವ ತೆಲುಗು ಕಚೇರಿಯಲ್ಲಿ ಆಡದಿದ್ದರಾಯಿತು ಎಂದುಕೊಂಡಳು.

ಗುರುವಾರ ಕದಿರನ ಗಾಡಿ ಪರೀಕ್ಷೆ ಹನ್ನೊಂದೂವರೆಗೆ ಎಂದು ನಿಗದಿಯಾಗಿತ್ತು. ಅದಕ್ಕೆ ಮೊದಲು ಫೋಟೊ, ಆಮೇಲೆ ಕಿಂಡಿಯಲ್ಲಿ ವಿವರ ಬರೆಸುವುದು. ಫೋಟೊ ಆಯಿತು. ಹತ್ತೂಮುಕ್ಕಾಲಿಗೆ ಕಿಂಡಿಗೆ ಬಂದ.

"ಏನಪ್ಪ?" ಎಂದ ರಾಮಾಂಜಿನಪ್ಪ.

"ಗಾಡಿ ಓಡಿಸಬಹುದು ಅಂತ ಸರ್ಕಾರ ಕೊಡುವ ಅಪ್ಪಣೆ ಬೇಕು ಸ್ವಾಮಿ."

"ಲೈಸೆನ್ಸಾ?"

"ನೀವು ಅನ್ನಬಹುದು. ನಾನು ಅನ್ನೋ ಹಾಗಿಲ್ಲ."

"ಫೋನ್ ನಂಬರ್ ಹೇಳು."

ಕದಿರ ಹೇಳಿದ. ಒಂಬತ್ತು, ನಾಲ್ಕು, ನಾಲ್ಕು, ಎಂಟು, ಸೊನ್ನೆ ಎಂದು ಹೇಳಿದ. ಗಂಗರಪಲ್ಲಿಯಲ್ಲಿ ಈವರೆಗೆ ಯಾರೂ ಫೋನ್ ನಂಬರನ್ನು ಕನ್ನಡದಲ್ಲಿ ಹೇಳಿರಲಿಲ್ಲ. ಕನ್ನಡ ಎಂ.ಎ. ಮಾಡಿದ್ದ ರಾಮಾಂಜಿನಪ್ಪ ಐದನೆಯ ಅಂಕಿಗೆ ದಾರಿ ತಪ್ಪಿದ. ಮತ್ತೆ ಮೊದಲಿನಿಂದ ಹೇಳಿಸಿದ. ಮೂರನೇ ಸಲ ಬೆರಳು ಮಡಚಿಕೊಂಡು ಬರೆದ.

"ನಿನ್ನ ಬ್ಲಡ್ ಗ್ರೂಪ್?"

"ಸೊನ್ನೆಯ ಹಾಗಿರುವ ಒಂದು ಅಕ್ಷರ ಸ್ವಾಮಿ. ಅದರ ಪಕ್ಕ ಕೂಡುವ ಲೆಕ್ಕದ ಗುರುತು."

"ಓ ಪಾಸಿಟಿವ್ ಅಂತ ಹೇಳೋಕೆ ಏನು ರೋಗ ನಿನಗೆ?"

"ರೋಗ ಏನೂ ಇಲ್ಲ ಸ್ವಾಮಿ. ಅದನ್ನೂ ಬರೆದುಕೊಳ್ಳಿ."

ಸಾಲಿನಲ್ಲಿ ಆಗ ಚರ್ಚೆ ಹುಟ್ಟಿತು. ನಿವೃತ್ತ ಮೇಷ್ಟರೊಬ್ಬರು ಹುಡುಗ ಮಾಡುತ್ತಿರುವುದು ಸರಿ, ಭಾಷೆ ಉಳಿಯುವುದೇ ಹೀಗೆ ಎಂದರು. ಲಾರಿಯವನೊಬ್ಬ, "ಭಾಷೆ ಉಳೀಲಿ ಮೇಷ್ಟ್ರೇ, ಲಾರಿಯಲ್ಲಿರೋ ನನ್ನ ಟೊಮೇಟೊ ಉಳಿಯಲ್ಲ" ಎಂದ. ಮೇಷ್ಟರು ಟೊಮೇಟೊಗೆ ಕನ್ನಡದಲ್ಲಿ ಏನೆನ್ನುತ್ತಾರೆ ಗೊತ್ತೇ ಎಂದು ಕೇಳಿದರು. ಗುಮಾಸ್ತನೂ ಕಿಂಡಿಯಿಂದ ತಲೆ ಹೊರಹಾಕಿ ಅಭಿಪ್ರಾಯ ಹೇಳಿದ. ಎಲ್ಲ ಮುಗಿದು ಕದಿರನ ಕಾಗದಕ್ಕೆ ಮುದ್ರೆ ಬೀಳುವಾಗ ಹನ್ನೆರಡೂಮುಕ್ಕಾಲು. ಪರೀಕ್ಷೆಯ ಹೊತ್ತು ಮೀರಿತ್ತು. ಶುಕ್ರವಾರ ಎರಡು ಗಂಟೆಗೆ ಬಾ ಎಂದು ಬರೆದುಕೊಟ್ಟರು.

ಸಂಜೆ ಅಕ್ಕಯಮ್ಮ ಪೊರಕೆ ಮೂಲೆಗಿಟ್ಟು ಕೈಕಾಲು ತೊಳೆದಳು. ಆಮೇಲೆ ಮಗನನ್ನು ಎದುರು ಕೂರಿಸಿಕೊಂಡಳು. ಮೂರು ದಿನ ಬುದ್ಧಿ ಹೇಳಿದ್ದೇ ತಪ್ಪಾಯಿತು ಎಂದು ಅವಳಿಗೆ ಅನ್ನಿಸಿತ್ತು. ಈ ಸಲ ಮೂರು ಸಲ ಯೋಚಿಸಿದಳು.

"ಕದಿರ, ನಾನು ಹೇಳಿದ್ದು, ಮಾವ ಹೇಳಿದ್ದು, ಎಲ್ಲಾ ಮರೆತುಬಿಡು. ನಾಳೆ ನಿನ್ನ ಪಕ್ಕ ಇನ್‌ಸ್ಪೆಕ್ಟರ್ ಸಾಹೇಬರು ಕೂತಿರ್ತಾರೆ. ಅವರು ಏನು ಹೇಳ್ತಾರೋ ಅದನ್ನು ಮಾಡು. ಹೇಳದೇ ಇದ್ದದ್ದನ್ನು ಮಾಡಬೇಡ. ಅವರಿಗಿಂತ ದೊಡ್ಡವರು ಯಾರೂ ಇಲ್ಲ."

"ಆಗಲಮ್ಮ."

"ಅಷ್ಟೇ ಕಣಪ್ಪ. ಇನ್ನೇನೂ ಬೇಡ ನನಗೆ."

ಶುಕ್ರವಾರ ಬೆಳಿಗ್ಗೆ ಪಂಚಾಯ್ತಿಯವರು ಅಕ್ಕಯಮ್ಮನಿಗೆ ಒಂದು ಶಾಲು, ಒಂದು ಹಾರ, ಬುಟ್ಟಿಯಲ್ಲಿ ಎರಡು ಸೇಬು ಕೊಟ್ಟು, ಇವರ ಸೇವೆ ಸ್ಮರಣೀಯ ಎಂದು ಹೇಳಿ ಕಳಿಸಿದರು. ಅವಳು ಶಾಲು ಹೊದ್ದುಕೊಂಡೇ ಪರೀಕ್ಷೆಯ ಮೈದಾನದ ಗೇಟಿಗೆ ಬಂದು ನಿಂತಳು. ಪಕ್ಕದಲ್ಲಿ ಚಿಕ್ಕಮುನಿಯಪ್ಪ. ಅವನ ಸೈಕಲ್ ತಯಾರಿತ್ತು. ಸಹಿಯಾದ ಕಾಗದ ಕೈಗೆ ಬಂದರೆ ಪಂಚಾಯ್ತಿಗೆ ಐದು ನಿಮಿಷದ ದಾರಿ.

ಇನ್‌ಸ್ಪೆಕ್ಟರ್ ತ್ಯಾಗರಾಜಯ್ಯನವರು ಡ್ರೈವಿಂಗ್ ಸ್ಕೂಲಿನ ಕಾರು ಹತ್ತಿ ಕದಿರನ ಪಕ್ಕ ಕೂತರು. ಕಲಿಯುವವರ ಗಾಡಿಗೆ ಅಂಟಿಸುವ ಕೆಂಪು 'ಎಲ್' ಕಿತ್ತು, ತರಬೇತಿಯಾದ ಮರುದಿನದಿಂದ ಅಲ್ಲಿ ಕೆಂಪು 'ಕ' ಅಂಟಿಸಲಾಗಿತ್ತು.

"ಸ್ಟಾರ್ಟ್ ಮಾಡಿ. ಗೇಟಿಂದ ಬಲಕ್ಕೆ. ಹ್ಞಾಂ, ನೇರವಾಗಿ ಹೋಗ್ತಾ ಇರಿ."

ಕಾರು ನೀರು ಹರಿದಂತೆ ಹೊರಟಿತು. ಅಕ್ಕಯಮ್ಮ ಶಾಲಿನ ತುದಿಯಲ್ಲಿ ಕಣ್ಣೊರಸಿಕೊಂಡಳು.

ರಸ್ತೆಗೆ ಬಂದ ಕೂಡಲೇ ತ್ಯಾಗರಾಜಯ್ಯನವರಿಗೆ ಜಿಲ್ಲಾ ಕಚೇರಿಯಿಂದ ಫೋನು ಬಂತು. ಇಂಗ್ಲಿಷಿನ 'ಲರ್ನರ್' ಎಂಬುದಕ್ಕೆ ವರದಿಯಲ್ಲಿ ಏನೆಂದು ಬರೆಯಬೇಕು? ಕಲಿಕಾರ್ಥಿಯೋ, ಶಿಕ್ಷಾರ್ಥಿಯೋ, ಕಲಿಯುವವನೋ? ಕಲಿಯುವವನು ಎಂದರೆ ಹೆಂಗಸರು ಆಕ್ಷೇಪಿಸುವುದಿಲ್ಲವೇ? ತ್ಯಾಗರಾಜಯ್ಯನವರಿಗೆ ಇದರಲ್ಲಿ ಆಸಕ್ತಿಯಿತ್ತು. ಕಣ್ಣು ಮುಚ್ಚಿಕೊಂಡು ವಾದಿಸಿದರು. ಕದಿರ ನೇರವಾಗಿ ಹೋಗ್ತಾ ಇದ್ದ. ಊರು ಮುಗಿಯಿತು. ಇಟ್ಟಿಗೆ ಗೂಡು ಹೋಯಿತು, ಕೆರೆ ಏರಿ ಹೋಯಿತು. ಇಪ್ಪತ್ತೆರಡು ಕಿಲೋಮೀಟರ್ ಆದಮೇಲೆ ಸಾಹೇಬರು ಕಣ್ಣು ತೆರೆದರೆ ಅಂಗಡಿಗಳ ಬೋರ್ಡೆಲ್ಲ ತೆಲುಗಿನಲ್ಲಿದ್ದವು.

"ಎಲ್ಲಿಗಯ್ಯ ಬಂದೆ?"

"ನೇರವಾಗಿ ಸಾರ್."

ಮುಂದೆ ಪಕ್ಕದ ರಾಜ್ಯದ ಪೊಲೀಸಿನವನು ಕೈ ಅಡ್ಡ ಹಿಡಿದಿದ್ದ. "ನಿಲ್ಲಿಸು" ಎಂದು ಸಾಹೇಬರು ಹೇಳಿದ ಮೇಲೆ ಕದಿರ ನಿಲ್ಲಿಸಿದ. ಪೊಲೀಸಿನವನು ಕೆಂಪು 'ಕ'ವನ್ನು ಲಾಠಿಯಿಂದ ತಟ್ಟಿ, "ಏಮಿ ಇದಿ?" ಎಂದ. ತ್ಯಾಗರಾಜಯ್ಯನವರು ಫೋನನ್ನು ಸೀಟಿನ ಮೇಲಿಟ್ಟು ಇಳಿದರು. ಆಡಳಿತ ಭಾಷೆಯ ನೀತಿಯನ್ನು ಅವನಿಗೆ ತೆಲುಗಿನಲ್ಲಿ ವಿವರಿಸಿದರು. ಅವನು ಒಪ್ಪಲಿಲ್ಲ. ಕೊನೆಗೆ "ಲರ್ನರ್, ಲರ್ನರ್" ಎಂದರು. ಒಪ್ಪಿದ. ಆದರೂ ಗುರುತಿನ ಚೀಟಿ ಕೇಳಿ ತೆಗೆದುಕೊಂಡು, ದಾಖಲಿಸಿ ಕೊಡುತ್ತೇನೆಂದು ಚೌಕಿಯೊಳಗೆ ಹೋಗಿ ಕೂತ. ಅಲ್ಲಿಯೂ ಹದಿನೈದು ನಿಮಿಷವೆಂದು ಫಲಕವಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಬಿಸಿಲಲ್ಲಿ ಬೆಂದ ಸಾಹೇಬರು ಕಾರಿನ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿದರು.

"ಗಾಡಿ ತಿರುಗಿಸಿ. ಬಂದ ದಾರಿಯಲ್ಲೇ ವಾಪಸ್ ನಡೀರಿ" ಎಂದು ಹೇಳಿ, ಚೀಟಿ ಇಸಿದುಕೊಳ್ಳಲು ಮತ್ತೆ ಚೌಕಿಯ ಕಡೆ ತಿರುಗಿದರು.

ನಾಲ್ಕೂ ಹತ್ತಕ್ಕೆ ಅಕ್ಕಯಮ್ಮ ಕಾರು ಬರುವುದನ್ನು ಕಂಡಳು. ಗೇಟಿನೊಳಗೆ ಅದು ಬಂದು ನಿಂತ ರೀತಿಗೆ ಅಲ್ಲಿದ್ದ ಡ್ರೈವಿಂಗ್ ಸ್ಕೂಲಿನವರೇ ತಲೆದೂಗಿದರು. ಗೆರೆಯ ಮೇಲೆ ಗಾಲಿ ಬಿದ್ದಿರಲಿಲ್ಲ. ಪಕ್ಕದ ಸೀಟಿನಲ್ಲಿ ಒಂದು ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು.

"ಸಾಹೇಬರು ಎಲ್ಲೋ?"

"ಅಲ್ಲೇ ಗಡಿ ಚೌಕಿಯಲ್ಲಿ ಇದ್ದಾರಮ್ಮ. ನನಗೆ ವಾಪಸ್ ನಡೀರಿ ಅಂದರು."

"ಅವರು ಹತ್ತಲಿಲ್ಲವೇನೋ?"

"ಕಾಯಿರಿ ಅಂತ ಹೇಳಲಿಲ್ಲವಲ್ಲಮ್ಮ. ಹೇಳದೇ ಇದ್ದದ್ದನ್ನು ಮಾಡಬೇಡ ಅಂದಿದ್ದೆ."

ಅಕ್ಕಯಮ್ಮ ಗೇಟಿನ ಕಲ್ಲಿನ ಮೇಲೆ ಕೂತಳು. ಐವತ್ತು ನಿಮಿಷ ಇತ್ತು. ಹೋಗಲು ಇಪ್ಪತ್ತೆರಡು ಕಿಲೋಮೀಟರ್, ಬರಲು ಇಪ್ಪತ್ತೆರಡು. ಇವನ ಕೈಯಲ್ಲಿ ಆಗದ ದೂರವೇನಲ್ಲ.

"ಮಗನಿಗೆ ಏನಾದರೂ ಹೇಳಿ ಕಳಿಸಕ್ಕ, ಹೊತ್ತಾಗುತ್ತೆ" ಎಂದ ಚಿಕ್ಕಮುನಿಯಪ್ಪ.

ಅವಳು ಬಾಯಿ ತೆರೆದಳು. ಹೋಗಿ ಕರೆದುಕೊಂಡು ಬಾ ಎಂದರೆ, ಅವರು ಬರುವುದಿಲ್ಲ ಎಂದರೂ ಎತ್ತಿ ಹಾಕಿಕೊಂಡು ಬರುತ್ತಾನೆ. ಬೇಗ ಹೋಗು ಎಂದರೆ ಎಷ್ಟು ಬೇಗ ಎಂದು ಹೇಳಬೇಕು. ಸಾಹೇಬರು ಹೇಳಿದ ಹಾಗೆ ಕೇಳು ಎಂದರೆ, ಈ ಹೊತ್ತಿನಲ್ಲಿ ಅವರು ಏನೇನು ಹೇಳುತ್ತಾರೋ, ಅದನ್ನೆಲ್ಲ ಮಾಡುತ್ತಾನೆ. ಸ್ಟೀರಿಂಗ್ ಹಿಡಿದ ಕದಿರ ಅವಳ ಬಾಯಿಯನ್ನೇ ನೋಡುತ್ತಿದ್ದ, ಹೇಳಿದರೆ ಹೊರಡಲು ತಯಾರಾಗಿ.

"ಏನಂತ ಹೇಳಲೋ, ಮುನಿಯಪ್ಪ?" ಎಂದಳು.

ಚಿಕ್ಕಮುನಿಯಪ್ಪ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ.

ತ್ಯಾಗರಾಜಯ್ಯನವರು ಕೋಳಿ ಸಾಗಿಸುವ ವ್ಯಾನಿನಲ್ಲಿ ಐದೂ ಐವತ್ತಕ್ಕೆ ಗಂಗರಪಲ್ಲಿ ತಲುಪಿದರು. ಕಸದ ಆಟೊಗೆ ಮರುದಿನದಿಂದ ಪಂಚಾಯ್ತಿ ಉಪಾಧ್ಯಕ್ಷರ ಷಡ್ಡಕನನ್ನು ನೇಮಿಸಲಾಗಿದೆ. ಕದಿರಪ್ಪನ ಅರ್ಜಿಯ ಫಲಿತಾಂಶದ ಕಾಲಂನಲ್ಲಿ 'ಅನುತ್ತೀರ್ಣ' ಎಂದು ಕನ್ನಡದಲ್ಲಿಯೇ ಬರೆಯಲಾಗಿದೆ. ಕಾರಣ: ಅಭ್ಯರ್ಥಿಯು ಸೂಚನೆಗಳನ್ನು ಪಾಲಿಸುವುದಿಲ್ಲ.