ತುಂಬಿದ ಹಂಡೆ

ಮಠದ ವಿದ್ಯಾರ್ಥಿನಿಲಯದ ಬಚ್ಚಲಲ್ಲಿ ಒಂದು ತಾಮ್ರದ ಹಂಡೆಯಿತ್ತು. ಅದರಿಂದ ಒಂದು ಚೊಂಬು ಬಿಸಿನೀರು ತೆಗೆದವರು ಒಂದು ಚೊಂಬು ತಣ್ಣೀರು ಸುರಿದೇ ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ದೊಡ್ಡ ಹುಡುಗರ ಚೊಂಬುಗಳು ಮೊದಲು ಬರುತ್ತಿದ್ದವು. ಹೊಸದಾಗಿ ಸೇರಿದ ಚನ್ನವೀರನ ಚೊಂಬಿಗೆ ಸಾಲಿನ ತುದಿಯೇ ಗತಿ. ಅದರ ಸರದಿ ಬರುವಷ್ಟರಲ್ಲಿ ಒಲೆ ಆರಿ, ಹಂಡೆಯ ನೀರು ಬಾವಿಯ ನೀರಿನಷ್ಟೇ ತಣ್ಣಗಿರುತ್ತಿತ್ತು.

"ಹಂಡೆಯಜ್ಜ, ನಮ್ಮ ಹುಡುಗ ರಾತ್ರಿಯೆಲ್ಲ ಕೆಮ್ಮಿದ್ದಾನೆ. ಇವತ್ತೊಂದು ದಿನ ಬಿಸಿನೀರು ಕೊಡಿ" ಎಂದಿತು ಚೊಂಬು.

"ನನ್ನಲ್ಲಿ ಏನು ಕೊರತೆ ಕಂಡೆ?" ಎಂದಿತು ಹಂಡೆ. "ಕಂಠದವರೆಗೆ ತುಂಬಿದ್ದೇನೆ. ವಾರ್ಡನ್ನರು ದಿನಾ ಇಣುಕಿ ನೋಡಿ ಸಂತೋಷಪಟ್ಟು ಹೋಗುತ್ತಾರೆ."

"ನೀರಿದೆ ಅಜ್ಜ, ಬಿಸಿಯಿಲ್ಲ. ಮೊದಲು ಬಂದವರೇ ಅದನ್ನೆಲ್ಲ ಒಯ್ದರು."

"ಒಯ್ದಷ್ಟನ್ನೂ ತಿರುಗಿ ಸುರಿದಿದ್ದಾರೆ. ಒಬ್ಬರೂ ಕಟ್ಟಳೆ ಮೀರಿಲ್ಲ. ಕದ್ದವರ ಹೆಸರು ಹೇಳು, ನೋಡೋಣ."

ಚೊಂಬು ಇದ್ದ ನೀರನ್ನೇ ಚನ್ನವೀರನ ಮೈಮೇಲೆ ಸುರಿಯಿತು. ಆಮೇಲೆ ಕಟ್ಟಳೆಯಂತೆ ಹಂಡೆಗೂ ಒಂದು ಚೊಂಬು ತಣ್ಣೀರು ಸುರಿಯಿತು.

ಮರುದಿನ ಹುಡುಗ ಏಳಲಿಲ್ಲ. ಜ್ವರ ನೆತ್ತಿಗೇರಿತ್ತು. ಅಡುಗೆಯವರು ಅದೇ ಚೊಂಬಿನಲ್ಲಿ ತಣ್ಣೀರು ತಂದು ಚಾಪೆಯ ಪಕ್ಕ ಇಟ್ಟುಕೊಂಡು ಹಣೆಗೆ ಒದ್ದೆಬಟ್ಟೆ ಹಾಕತೊಡಗಿದರು.

"ಹಂಡೆ ತುಂಬ ನೀರಿತ್ತಲ್ಲ" ಎಂದರು ವಾರ್ಡನ್ನರು, ಬಾಗಿಲಲ್ಲೇ ನಿಂತು.

ಹಣೆಯ ಬಟ್ಟೆಯನ್ನು ತೆಗೆದು ಅದ್ದಿ, ಮತ್ತೆ ತೆಗೆದು ಅದ್ದಿ, ಸಂಜೆಯ ಹೊತ್ತಿಗೆ ಚೊಂಬಿನ ನೀರು ಬೆಚ್ಚಗಾಯಿತು. ಆ ನಿಲಯಕ್ಕೆ ಬಂದ ಮೇಲೆ ಅದಕ್ಕೆ ಸಿಕ್ಕ ಮೊದಲ ಬಿಸಿ ಅದು.