ಕಟ್ಟೆಯ ನಡುವಿನ ರಾಜ

ನವಗ್ರಹಗಳ ಕಟ್ಟೆಯ ನಟ್ಟನಡುವೆ ಕೆಂಪು ವಸ್ತ್ರ ಉಟ್ಟು ನಿಂತಿದ್ದ ರವಿಗೆ ತಾನು ಗ್ರಹಗಳ ರಾಜನೆಂಬ ಹಮ್ಮು. ಆತ್ಮಕ್ಕೂ ಅಧಿಕಾರಕ್ಕೂ ಅವನೇ ಕಾರಕನೆಂದು ಜೋಯಿಸರೂ ಹೇಳಿ ಹೇಳಿ ಅವನನ್ನು ಉಬ್ಬಿಸಿದ್ದರು. ಒಂದು ಶನಿವಾರ ಸರ್ಕಾರಿ ನೌಕರಿ ಬೇಡಲು ಬಂದವನೊಬ್ಬ ರವಿಯ ಕಡೆ ಕಣ್ಣೆತ್ತಿಯೂ ನೋಡದೆ, ಅಂಚಿನಲ್ಲಿ ಕರಿವಸ್ತ್ರ ಉಟ್ಟು ನಿಂತಿದ್ದ ಅವನ ಮಗ ಶನಿಗೆ ಎಳ್ಳೆಣ್ಣೆ ದೀಪ ಹಚ್ಚಿ ಅಡ್ಡಬಿದ್ದ.

ರವಿಗೆ ಮೈ ಉರಿದುಹೋಯಿತು. "ಮಗನೇ, ನೌಕರಿ ಕೊಡುವವನು ನಾನು. ದೀಪ ನಿನಗೇಕೆ?"

"ಅಪ್ಪಾ, ನೀವು ಕೊಡುತ್ತೀರೆಂದು ಜನರಿಗೆ ಗೊತ್ತು. ನಾನು ಕೆಡಿಸುತ್ತೇನೆಂದು ಭಯ," ಎಂದ ಶನಿ.

"ಹಾಗಾದರೆ ನಾನೂ ಒಂದಿಷ್ಟು ಕಾಟ ಕೊಟ್ಟು ನೋಡುತ್ತೇನೆ."

"ಪ್ರತಿ ಬೇಸಿಗೆಯಲ್ಲೂ ಕೊಡುತ್ತಲೇ ಇದ್ದೀರಲ್ಲ. ಅವರು ಛತ್ರಿ ಕೊಂಡರು, ಅದೂ ನನ್ನ ಬಣ್ಣದ್ದೇ."